ದೀಪ ನುಂಗುವ ಹಗೇವು

ನಾನು ನಿಂತಿದ್ದದ್ದು ದೇವದುರ್ಗದಲ್ಲಿ, ಹಳೆಯ ಕೋಟೆಯ ಬುರುಜಿನ ಹಿಂದಿನ ಓಣಿಯಲ್ಲಿ, ಬಸಲಿಂಗಮ್ಮನ ಮನೆಯ ಹಿತ್ತಲ ಗೋಡೆ ಒಡೆದು ಬಿದ್ದಿದ್ದ ಜಾಗದಲ್ಲಿ. ಎಡಗಾಲು ಓಣಿಯಲ್ಲಿತ್ತು, ಬಲಗಾಲು ಬಿದ್ದ ಕಲ್ಲೊಂದರ ಮೇಲಿತ್ತು. ಎಪ್ಪತ್ತೆಂಟನೆಯ ಇಸವಿ, ಕಾರಹುಣ್ಣಿಮೆ ಕಳೆದ ವಾರ, ಊರೆಲ್ಲ ಉಂಡು ಅಡ್ಡಾಗುವ ಮಧ್ಯಾಹ್ನ. ಗಾಳಿ ಸತ್ತುಹೋಗಿತ್ತು. ಹಿತ್ತಲ ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಆ ಮರದ ನೆರಳಲ್ಲಿ ಬಿಳಿ ಸೀರೆಯ ಒಬ್ಬ ಹೆಂಗಸು ಬಗ್ಗಿ ಕುಳಿತು, ಬುಟ್ಟಿಯಲ್ಲಿ ಒಂದು ಬುಡ್ಡಿದೀಪ ಇಟ್ಟು, ಹಗ್ಗ ಕಟ್ಟಿ, ನೆಲದಲ್ಲಿದ್ದ ದುಂಡನೆಯ ಬಾಯೊಂದರೊಳಗೆ ಇಳಿಬಿಟ್ಟಳು. ದೀಪ ನೆಟ್ಟಗೆ ಉರಿಯುತ್ತ ಇಳಿಯಿತು. ಬಾಯಿ ದಾಟಿ ಒಂದು ಮೊಳ ಹೋಗಿರಬೇಕು, ಕೆಳಗಿನಿಂದ ಯಾರೋ ನುಂಗಿದ ಹಾಗೆ ಆರಿಹೋಯಿತು. ಅವಳು ಮೇಲೆಳೆದಳು. ಬತ್ತಿಯಲ್ಲಿ ಹೊಗೆ ಮಾತ್ರ ಇತ್ತು. ಆಮೇಲೆ ಅವಳು ತಲೆಯೆತ್ತಿ ನೇರ ನನ್ನನ್ನು ನೋಡಿದಳು.

ಇಷ್ಟನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ದೆವ್ವದ ಕತೆ ಹೇಳುವವರನ್ನು ‘ಆಗ ನೀವು ಎಲ್ಲಿ ನಿಂತಿದ್ದಿರಿ?’ ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುತ್ತೇನೆ. ನನ್ನ ಹೆಂಡತಿಯ ಪ್ರಕಾರ ಇದೊಂದು ರೋಗ. "ಉಪ್ಪಿಟ್ಟು ಹೆಂಗಾಗ್ಯದ ಹೇಳ್ರಿ ಅಂದ್ರ ರವಾ ಯಾವ ಅಂಗಡೀದು ಅಂತ ಕೇಳೂ ಮನಿಶಾ ನೀವು. ಅಷ್ಟರಾಗ ಅದು ಆರಿ ಕಲ್ಲಾಗಿರ್ತದ" ಎನ್ನುತ್ತಾಳೆ. ಇರಲಿ. ಉಪ್ಪಿಟ್ಟಿನ ವಿಷಯದಲ್ಲಿ ನಾನು ಸೋತಿದ್ದೇನೆ. ಈ ವಿಷಯದಲ್ಲಿ ಸೋಲುವ ಮನಸ್ಸಿಲ್ಲ.

ಇದೆಲ್ಲ ಈಗ ಕೆದಕಿದ್ದು ಒಬ್ಬ ಕಂಡಕ್ಟರ್. ಮೊನ್ನೆ ರಾಯಚೂರಿನಿಂದ ದೇವದುರ್ಗಕ್ಕೆ ಬಸ್ಸಿನಲ್ಲಿ ಹೊರಟಿದ್ದೆ, ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಬಸ್ಸು ಊರು ಹೊಕ್ಕಿತ್ತು. ಆ ಹುಡುಗ ಬಾಗಿಲಿಗೆ ಜೋತುಬಿದ್ದು ಕೂಗಿದ: "ದೆವ್ವದ ಮನಿ! ದೆವ್ವದ ಮನಿ ಯಾರ್ರೀ? ಜಲ್ದಿ ಇಳೀರ್ರಿ!" ಇಬ್ಬರು ಹೆಂಗಸರು ಕಾಯಿಪಲ್ಯದ ಚೀಲ ಹಿಡಿದು, ದವಾಖಾನೆಯ ಸ್ಟಾಪಿನಲ್ಲಿ ಇಳಿದಷ್ಟೇ ಸಲೀಸಾಗಿ ಇಳಿದರು.

"ತಮ್ಮಾ, ಯಾವ ದೆವ್ವ?" ಎಂದೆ.

"ಯಾವದೋ ಮುದುಕಿ ಇತ್ತಂತ್ರಿ ಯಜಮಾನ್ರ. ಮೊದಲ ಗಂಡನ್ನ ನುಂಗಿದ್ಳಂತ. ರುಚಿ ಹತ್ತಿ ಆಮ್ಯಾಗ ದೀಪ ನುಂಗಾಕ ಹತ್ತಿದ್ಳಂತ." ಸುತ್ತ ಕುಳಿತವರು ನಕ್ಕರು. "ನೀವೇನು ಇಳೀತೀರೋ, ಮುಂದಕ್ಕ ಬರ್ತೀರೋ?"

ನಾನು ಇಳಿಯಬೇಕಾದದ್ದು ಮುಂದಿನ ಸ್ಟಾಪು. ಸಿಟ್ಟಿಗೆ ಅಲ್ಲೇ ಇಳಿದುಬಿಟ್ಟೆ. ವಯಸ್ಸಾದವನ ಸಿಟ್ಟು ನೋಡಿ, ಅದರಿಂದ ಕಷ್ಟವಾಗುವುದು ಅವನ ಮೊಣಕಾಲಿಗೆ ಮಾತ್ರ. ಬಿಸಿಲು ನೆತ್ತಿಯ ಮೇಲಿತ್ತು. ಬಸ್ಸು ಧೂಳೆಬ್ಬಿಸಿ ಹೋಯಿತು.

ಆ ಕಾಲಕ್ಕೆ ನಾನು ಮಲೇರಿಯಾ ಕೆಲಸದವನು. ಪಾಳಿಯ ಪ್ರಕಾರ ಮನೆಮನೆಗೆ ಹೋಗಿ "ಜ್ವರ ಬಂದದೇನ್ರೀ?" ಎಂದು ಕೇಳುವುದು, ಬಂದಿದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ತೆಗೆದುಕೊಳ್ಳುವುದು, ಗುಳಿಗೆ ಕೊಡುವುದು, ಬಂದು ಹೋದದ್ದಕ್ಕೆ ಗುರುತಾಗಿ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯುವುದು. ನನ್ನನ್ನು ಕಂಡರೆ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ಸರ್ಕಾರ ಬಡವರ ರಕ್ತ ಒಯ್ದು ದೊಡ್ಡವರಿಗೆ ಮಾರುತ್ತದೆ ಎಂಬ ಸುದ್ದಿಯೂ ಇತ್ತು. ನಾನು ಎಲ್ಲದಕ್ಕೂ ನಿಧಾನ. "ನೀ ಸೊಳ್ಳಿ ಕಂಡ್ರೂ ಮೊದಲು ಅದರ ಹೆಸರು ಕೇಳ್ಕೊಂಡು ಆಮ್ಯಾಗ ಹೊಡಿಯಾಂವ" ಎಂದು ಮೇಲಿನವರು ಬೈಯುತ್ತಿದ್ದರು. ನನಗಿಂತ ಮೊದಲು ಆ ಪಾಳಿಯಲ್ಲಿದ್ದವನು ಚುರುಕು ಮನುಷ್ಯ. ಬಸಲಿಂಗಮ್ಮನ ಮನೆಯ ತಾರೀಖನ್ನು ಎದುರು ಮನೆಯ ಗೋಡೆಯ ಮೇಲೆ ಬರೆದು ಮುಂದೆ ಹೋಗುತ್ತಿದ್ದನಂತೆ.

ಎದುರು ಮನೆ ಖಾಜಾಬಿಯದು. ಬಳೆ ಮಾರುವ ಹೆಂಗಸು, ಗಟ್ಟಿ ಬಾಯಿ. ಅವತ್ತು ದೀಪ ಆರಿದ್ದನ್ನು ಕಂಡು ನಾನು ಓಣಿ ಸುತ್ತಿ ಮುಂಬಾಗಿಲಿಗೆ ಬಂದು ಕದ ತಟ್ಟಲೋ ಬೇಡವೋ ಎಂದು ನಿಂತಿದ್ದಾಗ ಅವಳು ಹೊಸ್ತಿಲಲ್ಲೇ ಕುಳಿತು ನಕ್ಕಳು. "ತಟ್ರಿ ಸಾಹೇಬ್ರ, ತಟ್ರಿ. ದೆವ್ವಕ್ಕೂ ಸೊಳ್ಳಿ ಕಡೀತದ."

ಕದ ತೆರೆಯಿತು. ಐವತ್ತರ ಆಸುಪಾಸಿನ ಹೆಂಗಸು, ಸಣಕಲು ಮೈ, ಹಣೆಯ ತುಂಬ ವಿಭೂತಿ. ಮಲೇರಿಯಾದವನು ಎಂದು ಹೇಳಿಕೊಂಡೆ.

"ಜ್ವರ ಇಲ್ಲ," ಅಂದಳು. ಆಮೇಲೆ ಏನನ್ನಿಸಿತೋ, ಬೆರಳು ಮುಂದೆ ಚಾಚಿದಳು. "ಆದ್ರೂ ತಗೋ. ಕೆಂಪದನೋ ಇಲ್ಲೋ ನೋಡಿ ಬಾಗಿಲಿಗೆ ಬರದು ಹೋಗು. ಮಂದಿ ಓದ್ಲಿ."

ಜ್ವರವಿಲ್ಲದವರ ರಕ್ತ ತೆಗೆಯುವ ನಿಯಮವಿರಲಿಲ್ಲ. ತೆಗೆದೆ. ಕೆಂಪಗಿತ್ತು ಎಂದು ಇಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ. ಆಗಬೇಕಾದದ್ದು ನನಗಲ್ಲ, ಆ ಊರಿಗೆ.

ಹಗೇವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ನಮ್ಮ ಕಡೆ ಜೋಳವನ್ನು ನೆಲದೊಳಗೆ ಹೂಳಿಡುತ್ತಿದ್ದರು. ಗಟ್ಟಿ ನೆಲ ನೋಡಿ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಮಣ್ಣಿನ ಗಡಿಗೆಯ ಹೊಟ್ಟೆಯಂತೆ ಅಗಲವಾಗುವ ಕುಣಿ ತೋಡುವುದು. ಗೋಡೆಗೆ ಹುಲ್ಲು ಒತ್ತಿ ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಮೆತ್ತಿ ಮರೆತುಬಿಡುವುದು. ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವಿನ ಜೋಳದ ರೊಟ್ಟಿಗೆ ಒಂದು ಹುಳಿವಾಸನೆ ಇರುತ್ತದೆ. ಅದನ್ನು ಉಂಡು ಬೆಳೆದವರಿಗೆ ಬೇರೆ ರೊಟ್ಟಿ ಸಪ್ಪೆ. ಆದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬುತ್ತದೆ. ನಮ್ಮವರು ಅದನ್ನು ಕಾವು ಎನ್ನುತ್ತಾರೆ. ಬಂಡೆ ತೆಗೆದ ಕೂಡಲೇ ಇಳಿದವನು ಒಂದು ಮಾತೂ ಆಡದೆ ಕುಸಿಯುತ್ತಾನೆ. ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಬದುಕಿದರೆ ಮಾತ್ರ ಮನುಷ್ಯ ಇಳಿಯುವುದು ಎಂಬ ಪದ್ಧತಿ ಇಟ್ಟಿದ್ದರು.

ಪದ್ಧತಿಗಳ ಹಣೆಬರಹ ನೋಡಿ. ಹಗೇವು ತೆರೆಯುವುದು ಒಳ್ಳೆಯ ಕೆಲಸ, ಒಳ್ಳೆಯ ಕೆಲಸಕ್ಕೆ ಒಳ್ಳೆಯ ಹೊತ್ತು ಬೇಕು, ಒಳ್ಳೆಯ ಹೊತ್ತಿನಲ್ಲಿ ದೀಪ ಆರಬಾರದು. ಇಳಿಸಿದರೆ ಆರುತ್ತದೆ. ಆದ್ದರಿಂದ ಬರಬರುತ್ತ ಆ ಓಣಿಯ ಮನೆತನಗಳು ದೀಪ ಇಳಿಸುವುದನ್ನೇ ಬಿಟ್ಟವು. ತಟ್ಟೆಯಲ್ಲಿ ಹೂವು, ವಿಭೂತಿ ಇಟ್ಟು, ದೀಪವನ್ನು ಹಗೇವಿನ ದಂಡೆಯ ಮೇಲೆ ಇಡುವುದು, ಕೈ ಮುಗಿಯುವುದು, ಹೊತ್ತು ಮೀರುವುದರೊಳಗೆ ಮನೆಯ ಗಂಡಸು ಇಳಿದು ಮೊದಲ ಬುಟ್ಟಿ ತುಂಬುವುದು. ಪ್ರಾಣ ಕಾಯಲಿಕ್ಕೆ ಇದ್ದ ದೀಪ ಪೂಜೆಗೆ ಕುಳಿತುಬಿಟ್ಟಿತು.

ಬಸಲಿಂಗಮ್ಮನ ಗಂಡ ಮಲ್ಲಪ್ಪ ಸತ್ತದ್ದು ಹೀಗೆ. ನಾನು ಆ ಊರಿಗೆ ಬರುವುದಕ್ಕೂ ಬಹಳ ಹಿಂದೆ. ಅವನು ಇಳಿಯುವ ಮೊದಲು ಹೆಂಡತಿ ದೀಪ ಇಳಿಸಿ ಎಂದಿದ್ದಳು. ಅವಳ ತವರು ಮಸರಕಲ್ಲಿನಲ್ಲಿ ಇನ್ನೂ ಹಾಗೆ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಮೈದುನ ಸಂಗಪ್ಪ, "ಹೊತ್ತು ಮೀರ್ತದ ಅಣ್ಣಾ, ಹೆಂಗಸರ ಮಾತು ಕೇಳ್ಕೋತ ನಿಂದರಬ್ಯಾಡ" ಅಂದ. ಅಣ್ಣ ಇಳಿದ. ಮೇಲೆ ಬಂದದ್ದು ಹೆಣ.

ಈಗ ಸಂಗಪ್ಪನ ಜಾಗದಲ್ಲಿ ನಿಂತು ಯೋಚಿಸಿ. ಅಣ್ಣನನ್ನು ಅವಸರ ಮಾಡಿ ಇಳಿಸಿದವನು ತಾನು ಎಂದು ಊರಿಗೆ ಹೇಗೆ ಹೇಳುವುದು? ಕಾವು ಬಡಿಯಿತು ಎಂದರೆ, ದೀಪ ಯಾಕೆ ಇಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ದೆವ್ವ ಹಿಡಿಯಿತು ಎಂದರೆ ಯಾವ ಪ್ರಶ್ನೆಯೂ ಬರುವುದಿಲ್ಲ. ಮತ್ತೆ, ಇಳಿಯುವ ಹೊತ್ತಿಗೆ ಸರಿಯಾಗಿ ದೀಪ ಆರುವ ಮಾತು ಆಡಿದವಳು ಯಾರು? ಹೆಂಡತಿ. ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು. ಅಂದರೆ ಅವಳೇ ಮಾಡಿಸಿದಳು. ಕತೆ ಹೀಗೆ ತಾನೇ ಕಾಲು ಮೂಡಿ ನಡೆಯಿತು.

ಇದನ್ನೆಲ್ಲ ಅವಳು ನನಗೆ ಅಳುತ್ತ ಹೇಳಲಿಲ್ಲ. ಬೇಳೆ ಆರಿಸುತ್ತ ಹೇಳಿದಳು. ಆ ಹಗೇವಿನ ಜೋಳವನ್ನು ಆಳುಗಳು ಮುಟ್ಟಲಿಲ್ಲ, ದೆವ್ವದ ಜೋಳ ಎಂದು. ಅದು ಅಲ್ಲೇ ಕೊಳೆಯುತ್ತ ಉಳಿಯಿತು, ಕಾವೂ ಉಳಿಯಿತು. ಅವಳ ಮನೆಗೆ ಜನ ಬರುವುದು ನಿಂತಿತು, ಅವಳು ಹೊರಗೆ ಹೋಗುವುದು ನಿಂತಿತು. ಹಿಟ್ಟು, ಎಣ್ಣೆ ಎಲ್ಲ ಖಾಜಾಬಿಯ ಕೈಯಿಂದ.

"ಮತ್ತೆ ಆ ದೀಪ ಯಾಕಮ್ಮ ಇಳಿಬಿಡ್ತೀರಿ?" ಎಂದೆ.

"ಮಂದಿ ನೋಡ್ಲಿ ಅಂತ." ಬೇಳೆಯಿಂದ ಕಣ್ಣೆತ್ತಲಿಲ್ಲ. "ಆ ಗ್ವಾಡಿ ಬಿದ್ದಾಗ ಕಟ್ಟಿಸ್ಲಿಲ್ಲ, ಯಾಕ? ಓಣ್ಯಾಗ ಹೋಗಾವ್ರಿಗೆ ಕಾಣ್ಲಿ ಅಂತ. ಹಾಡಾಹಗಲಿ ಇಳಿಸ್ತೀನಿ. ಯಾರೂ ಊದಂಗಿಲ್ಲ, ಗಾಳಿ ಬೀಸಂಗಿಲ್ಲ, ದೀಪ ತಾನ ಆರ್ತದ. ಒಬ್ಬಾಕಿಗರೆ, ಒಬ್ಬಾಂವಗರೆ ತಿಳೀಬೇಕಲ್ಲ, ದೀಪ ಆರಿದಲ್ಲಿ ಮನಿಶಾನೂ ಆರ್ತಾನಂತ? ನನಗ ಮತ್ತೇನೂ ಬ್ಯಾಡೋ ಯಪ್ಪಾ. ಮಲ್ಲಪ್ಪ ಕಾವಿಗೆ ಸತ್ತ, ಹೇಣ್ತಿ ಕೊಲ್ಲಲಿಲ್ಲ, ಅಂತ ಈ ಊರಿನ ಬಾಯಾಗ ಒಂದ ಸಲ ಬರ್ಲಿ."

ಅವಳು ಸಾಕ್ಷಿ ತೋರಿಸುತ್ತಿದ್ದಳು. ಊರು ಗೋಡೆಯ ಸಂದಿಯಿಂದ ನೋಡಿ, ಸಾಕ್ಷಿಯನ್ನೇ ದೆವ್ವ ಎಂದು ಹೆಸರಿಟ್ಟುಕೊಂಡು ಓಡಿಹೋಗುತ್ತಿತ್ತು.

ಕತೆಗಳಿಗೂ ಬಸ್ಸಿನ ದಾರಿ ಇರುತ್ತದೆ. ದೇವದುರ್ಗದಲ್ಲಿ ಬಸಲಿಂಗಮ್ಮ ಗಂಡನನ್ನು ಹಗೇವಿನ ದೆವ್ವಕ್ಕೆ ಕೊಟ್ಟವಳು. ಮಾನ್ವಿಗೆ ಬರುವ ಹೊತ್ತಿಗೆ ಅವಳ ಕಣ್ಣಲ್ಲೇ ಎರಡು ದೀಪ ಉರಿಯುತ್ತಿದ್ದವು. ರಾಯಚೂರಿನ ಕಾಯಿಪಲ್ಯದ ಬಜಾರಿನಲ್ಲಿ ಅವಳು ಸತ್ತು ಎಷ್ಟೋ ಕಾಲವಾಗಿತ್ತು, ಮನೆಯಲ್ಲಿ ಓಡಾಡುವುದು ಅವಳ ನೆರಳು. ಮುಂದೆ ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ಕಾರಖಾನೆಯ ಕೆಲಸ ಶುರುವಾದಾಗ ಅಲ್ಲಿನ ಚಹಾದಂಗಡಿಯಲ್ಲೂ ಕೇಳಿದೆ. ದೇವದುರ್ಗದಲ್ಲಿ ಒಂದು ಮನೆಯಿದೆ, ಅಲ್ಲಿ ಬಲ್ಬು ಹಾಕಿದರೂ ಆರುತ್ತದೆ ಎಂದು ಒಬ್ಬ ಕರೆಂಟಿನ ಕೆಲಸದವನೇ ಹೇಳುತ್ತಿದ್ದ! ನಮ್ಮ ರಾಯಚೂರಿನ ಬಿಸಿಲಿನಲ್ಲಿ ದೆವ್ವವೊಂದು ಇಷ್ಟು ದೂರ ಓಡಾಡಿ ಬದುಕಿತು ಎಂಬುದೇ ನನಗೆ ಆಶ್ಚರ್ಯ. ಮನುಷ್ಯರು ನೆರಳು ಕೊಟ್ಟು ಸಾಕಿದ್ದರು, ಅದಕ್ಕೆ ಬದುಕಿತು.

ಇನ್ನು ಎಂಬತ್ತೊಂದರ ಶ್ರಾವಣದ ಒಂದು ಸೋಮವಾರ. ಬೆಳಗಿನ ಹೊತ್ತು. ನಾನು ಖಾಜಾಬಿಯ ಬಾಗಿಲಲ್ಲಿ ತಾರೀಖು ಬರೆಯುತ್ತಿದ್ದೆ. ಬಸಲಿಂಗಮ್ಮನ ಮನೆಗೆ ಅಂಟಿಕೊಂಡೇ ಸಂಗಪ್ಪನ ಮನೆ. ಅಲ್ಲಿ ಗಂಟೆ ಬಾರಿಸುವ ಸದ್ದು ಕೇಳಿ ಇಣುಕಿದೆ. ಅಂಗಳದಲ್ಲಿ ಹಗೇವು ತೆರೆಯುತ್ತಿದ್ದರು. ಓಣಿಯ ಹತ್ತಾರು ಜನ ಸೇರಿದ್ದರು. ದಂಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ದೀಪ. ಬಂಡೆ ಸರಿಸಿದರು. ಆ ಹುಳಿ ಬೆಚ್ಚನೆ ವಾಸನೆ ನಾನು ನಿಂತಲ್ಲಿಗೆ ಬಂತು.

ಚೀಲ ಹೊರಲು ಮಸರಕಲ್ಲಿನಿಂದ ಬಂದಿದ್ದ ಕುರುಬರ ಹನುಮಂತ, "ಸಾವ್ಕಾರ್ರ, ಒಂದೀಟು ಗಾಳಿ ಆಡ್ಲಿ ಬಿಡ್ರಿ" ಅಂದ.

"ಹೊತ್ತು ಮೀರಿದ ಮ್ಯಾಲ ಗಾಳಿ ತಗೊಂಡು ಏನ್ ನೆಕ್ಕಲ್ಯಾ?" ಎಂದ ಸಂಗಪ್ಪ.

ನಾನೂ ಬಾಯಿ ಹಾಕಿದೆ. "ದೀಪ ಒಮ್ಮೆ ಇಳಿಬಿಟ್ಟು ನೋಡ್ರಿ."

"ಇದು ಸೊಳ್ಳಿ ಅಲ್ರೀ ಸಾಹೇಬ್ರ, ಹಗೇವು. ನಿಮ್ಮ ಸೂಜಿ ನೀವು ನೋಡ್ಕೋರಿ." ಜನ ನಕ್ಕರು. ಸಂಗಪ್ಪನ ಮಗ ಅಮರೇಶನೂ ನಕ್ಕ. ಮದುವೆ ಗೊತ್ತಾಗಿದ್ದ ಗಟ್ಟಿಮುಟ್ಟಾದ ಹುಡುಗ. ಧೋತರ ಮೇಲೆ ಕಟ್ಟಿ, ನಡುವಿಗೆ ಟವೆಲು ಬಿಗಿದು, ಬಾಯಂಚು ಹಿಡಿದು ಒಳಗೆ ಇಳಿದ. "ಬುಟ್ಟಿ ಕೊಡ್ರಿ" ಎಂದ ದನಿ ಕೇಳಿತು. ಬುಟ್ಟಿ ಇಳಿಸಿದರು. ಹಗ್ಗ ಜಗ್ಗಲಿಲ್ಲ.

"ಅಮರೇಶಾ?"

ಏನೂ ಇಲ್ಲ.

ಆಗ ಸಂಗಪ್ಪ ಕೂಗಿದ್ದನ್ನು ನಾನು ಇದ್ದದ್ದಿದ್ದಂತೆ ಬರೆಯುತ್ತೇನೆ: "ದೆವ್ವ! ಆಚಿ ಮನಿ ದೆವ್ವ ಗ್ವಾಡಿ ಹಾರಿ ಬಂತೋ! ನಿಂಬಿಹಣ್ಣು ತರ್ರೋ!" ಹಗೇವಿನ ಸುತ್ತ ನಿಂತವರು ಒಟ್ಟಿಗೆ ಹಿಂದೆ ಸರಿದರು. ಒಬ್ಬ ನಿಜವಾಗಿ ನಿಂಬೆಹಣ್ಣಿಗೆ ಓಡಿದ. ಇನ್ನೊಬ್ಬ, ನೀರಮಾನ್ವಿ ಎಲ್ಲಮ್ಮನ ಭಂಡಾರದ ಅರಿಶಿನ ಒಳಗೆ ದೇವರ ಜಗಲಿಯ ಮೇಲಿದೆಯೇ ಎಂದು ಕೇಳುತ್ತಿದ್ದ. ಮಗ ಕೆಳಗೆ ಸಾಯುತ್ತಿದ್ದಾನೆ, ಇವರು ಭಂಡಾರ ಹುಡುಕುತ್ತಿದ್ದಾರೆ. ಹನುಮಂತ ಒಬ್ಬನೇ ಇಳಿಯಲು ಬಾಯಂಚಿಗೆ ಕುಳಿತಿದ್ದ.

"ಯಾರೂ ಇಳೀಬ್ಯಾಡ್ರೋ! ಇಳಿದಾಂವನೂ ಬೀಳ್ತಾನ!"

ಬಸಲಿಂಗಮ್ಮ. ಗೋಡೆಯಾಚೆ ಕೆಲಸ ಮಾಡುತ್ತಿದ್ದವಳಿಗೆ ದನಿ ನಿಂತದ್ದು ಕೇಳಿಸಿತ್ತು. ಆ ದನಿ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಅವಳು ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಆ ಕತೆಯಿಂದ ಯಾರಿಗಾದರೂ ಉಪಕಾರವಾಗಿದ್ದರೆ ಆ ಒಂದು ಕ್ಷಣ ಮಾತ್ರ: ಹೆದರಿಕೊಂಡು ಯಾರೂ ಅವಳನ್ನು ತಡೆಯಲಿಲ್ಲ.

"ಹನುಮ್ಯಾ, ಕಂಬಳಿ ಬಿಚ್ಚು. ನಾಕೂ ಮೂಲಿ ಕಟ್ಟು. ಖಾಜಾಬಿ! ಪಾತಾಳಗರಡಿ ತಾ!"

ಕಂಬಳಿಯ ಮೂಲೆಗಳಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಬಿಡುವುದು, ಮೇಲೆಳೆಯುವುದು, ಮತ್ತೆ ಬಿಡುವುದು. ಮೊಸರು ಕಡೆದ ಹಾಗೆ ಒಳಗಿನ ಗಾಳಿಯನ್ನು ಕಡೆಯಬೇಕು. ಒಂದು ಕಡೆ ಹನುಮಂತ, ಒಂದು ಕಡೆ ನಾನು. ಅಷ್ಟರಲ್ಲಿ ಖಾಜಾಬಿ ಪಾತಾಳಗರಡಿ ತಂದಳು. ಬಾವಿಗೆ ಬಿದ್ದ ಕೊಡ ತೆಗೆಯುವ, ಕೊಕ್ಕೆಗಳ ಗೊಂಚಲು ಅದು. ನಮ್ಮಲ್ಲಿ ಅದನ್ನು ಯಾರಿಗೂ ಸುಮ್ಮನೆ ಕೊಡುವುದಿಲ್ಲ, ಒಯ್ದವರು ಏನಾದರೂ ಒಂದು ಪಾತ್ರೆ ಇಟ್ಟು ಒಯ್ಯಬೇಕು. ಅವತ್ತು ಖಾಜಾಬಿ ಕೇಳಲಿಲ್ಲ. ಬಸಲಿಂಗಮ್ಮ ನೆಲಕ್ಕೆ ಬೋರಲು ಬಿದ್ದು, ಮುಖವನ್ನು ಬಾಯಂಚಿಗೆ ತಂದು, ಕತ್ತಲಲ್ಲಿ ಮಸುಕಾಗಿ ಕಾಣುತ್ತಿದ್ದ ಬಿಳಿ ಧೋತರಕ್ಕೆ ಗುರಿಯಿಟ್ಟು ಕೊಕ್ಕೆ ಇಳಿಸಿದಳು. ಹಗೇವು ಅರ್ಧ ಜೋಳ ತುಂಬಿತ್ತು, ಅವನು ಬಹಳ ಆಳದಲ್ಲಿರಲಿಲ್ಲ. ಕೊಕ್ಕೆ ಜಾರಿತು. ಮತ್ತೆ ಇಳಿಸಿದಳು, ಹಿಡಿಯಿತು. "ಎಳೀರಿ!"

ಅವಳು, ಹನುಮಂತ, ನಾನು, ಮೂವರೂ ಎಳೆದೆವು. ನಡುವಿನ ಟವೆಲಿಗೆ ಕೊಕ್ಕೆ ಸಿಕ್ಕಿತ್ತು. ಟವೆಲು ಜಾರುತ್ತ ಕಂಕುಳಿಗೆ ಬಂದು ನಿಂತಿತು. ಇನ್ನೆರಡು ಕೊಕ್ಕೆ ಅವನ ಬೆನ್ನಿನ ಚರ್ಮದಲ್ಲಿ ನಾಟಿದ್ದವು. ಅಂಗಳದಲ್ಲಿ ಮಲಗಿಸಿ, ಅವಳು ಸೆರಗಿನಿಂದ ಗಾಳಿ ಬೀಸಿದಳು. ಮುಖ ನೀಲಿಯಾಗಿತ್ತು. ಬಹಳ ಹೊತ್ತಿನ ಮೇಲೆ, ಅಥವಾ ನನಗೆ ಹಾಗನ್ನಿಸಿತು, ಗೊರಕೆಯಂಥ ಸದ್ದು ಮಾಡಿ ಉಸಿರು ಬಂತು. ನಿಂಬೆಹಣ್ಣು ಆಗ ಬಂತು.

ಬಸಲಿಂಗಮ್ಮ ಎದ್ದಳು. ತಟ್ಟೆಯಲ್ಲಿದ್ದ ದೀಪಕ್ಕೆ ಕೈ ಹಾಕಿದಳು. ವಿಧವೆ ಪೂಜೆಯ ದೀಪ ಮುಟ್ಟಿದ್ದಕ್ಕೆ ಜನ ಹಾ ಎಂದರು. ಸಾಯುವವನನ್ನು ಕಂಡಾಗಲೂ ಅಷ್ಟು ದೊಡ್ಡ ಉಸಿರು ಅವರಿಂದ ಬಂದಿರಲಿಲ್ಲ. ದೀಪವನ್ನು ಬುಟ್ಟಿಯಲ್ಲಿಟ್ಟು ಹಗೇವಿಗೆ ಇಳಿಸಿದಳು. ಜೋಳದ ಮಟ್ಟಕ್ಕೆ ಹೋದ ಕೂಡಲೇ ಆರಿತು.

"ನೋಡಿದ್ರ್ಯಾ?" ಆರಿದ ಬತ್ತಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನಮ್ಮ ಮನ್ಯಾಗಷ್ಟ ಅಲ್ಲ, ಇಲ್ಲೂ ಆರ್ತದ. ಯಾರ ಮನ್ಯಾಗಾದ್ರೂ ಆರ್ತದ. ಈಗರೆ ಹೇಳ್ರಿ, ಮಲ್ಲಪ್ಪಗ ಏನಾಗಿತ್ತು?"

ಸಂಗಪ್ಪ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಲ್ಲಿಂದಲೇ ಅಂದ: "ನೋಡಿದ್ರ್ಯಾ? ಅಕಿ ಕೈ ಮುಟ್ಟಿದ ಕೂಡ್ಲೆ ದೀಪ ಆರಿತು."

ಜನ ತಲೆಯಾಡಿಸಿದರು. ಹೌದು, ಆರಿತು, ನಾವೇ ನೋಡಿದೆವು ಎಂದರು. ನಾನು ಕೂಗಾಡಿದೆ. ಹನುಮಂತ ಕೂಗಾಡಿದ. ಖಾಜಾಬಿ ಬೈದದ್ದನ್ನು ಇಲ್ಲಿ ಬರೆಯಲಿಕ್ಕೆ ಬರುವುದಿಲ್ಲ. ನಾನು ಹೊರಗಿನವನು, ಅವನು ಚೀಲ ಹೊರುವವನು, ಅವಳು ಬಳೆ ಮಾರುವವಳು. ಬಸಲಿಂಗಮ್ಮ ಮಾತ್ರ ಸುಮ್ಮನೆ ಅಮರೇಶನ ಕಡೆ ನೋಡುತ್ತ ನಿಂತಳು. ಅವನಿಗೆ ಕಣ್ಣು ಬಿಡುವಷ್ಟು ಎಚ್ಚರ ಬಂದಿತ್ತು. ಅವನೊಂದು ಮಾತು ಆಡಬೇಕಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಆಮೇಲೆ ಬಾಯಿ ಬಿಟ್ಟ. ವಾರದೊಳಗೆ ಅಪ್ಪನ ಅಂಗಡಿಯ ಗಾದಿಯ ಮೇಲೆ ಕುಳಿತು, ಅಂಗಿ ಬಿಚ್ಚಿ, ಬೆನ್ನು ತೋರಿಸಿ ಹೇಳಲು ಶುರುಮಾಡಿದ: "ಕತ್ತಲಾಗ ಹಿಂದಿಂದ ಬಂದು ಹಿಂಗ ಉಗುರು ಹಾಕಿತ್ರಿ. ನಮ್ಮ ಮನಿ ದೇವರು ಜಗ್ಗಿತು, ಬದುಕಿದೆ." ಪಾತಾಳಗರಡಿಯ ಗಾಯ ದೆವ್ವದ ಉಗುರಾಯಿತು. ಗಿರಾಕಿಗಳು ಬೆರಳಿಟ್ಟು ನೋಡುತ್ತಿದ್ದರು. ನಾನೂ ಒಮ್ಮೆ ಹೋಗಿ, ಆ ಗಾಯಕ್ಕೆ ಹಚ್ಚಿದ ಮುಲಾಮು ನನ್ನ ಪೆಟ್ಟಿಗೆಯದು ಎಂದು ಅಷ್ಟು ಜನರ ಎದುರು ಹೇಳಿದೆ. "ದೆವ್ವದ ವಕೀಲ್ರು ಬಂದ್ರು" ಎಂದು ನಕ್ಕರು. ಆ ಹೆಸರು ನನ್ನ ಹಿಂದೆ ಮಾನ್ವಿಯವರೆಗೂ ಬಂತು.

ಮುಂದಿನ ಪಾಳಿಗೆ ಹೋದಾಗ ಬಸಲಿಂಗಮ್ಮನ ಹಿತ್ತಲ ಗೋಡೆಗೆ ಹೊಸ ಕಲ್ಲು ಕೂರಿಸುತ್ತಿದ್ದರು. ಗೌಂಡಿಯನ್ನು ಹನುಮಂತ ತನ್ನ ಊರಿನಿಂದ ಕರೆತಂದಿದ್ದ, ದೇವದುರ್ಗದವರು ಬರಲೊಲ್ಲರು.

"ಯಾಕಮ್ಮ ಮುಚ್ಚಿಸಿದಿರಿ?" ಎಂದೆ.

"ಇನ್ನ ಏನ್ ತೋರಸ್ಲೋ ಯಪ್ಪಾ? ಅವರ ಮನಿ ಮಗನ್ನ ಎತ್ತಿ ಅವರ ಅಂಗಳದಾಗ ಇಟ್ಟು ತೋರಿಸಿದೆ. ಅದಕ್ಕಿಂತ ದೊಡ್ಡ ದೀಪ ನನ್ನ ಹತ್ರ ಇಲ್ಲ."

ಮರುವರ್ಷ ನನಗೆ ಮಾನ್ವಿಗೆ ವರ್ಗವಾಯಿತು. ಎಂಬತ್ತೈದರಲ್ಲಿ ಅವಳು ತೀರಿಕೊಂಡಳು. ಖಾಜಾಬಿ ಮಾನ್ವಿಯ ಸಂತೆಗೆ ಬಂದಾಗ ತಿಳಿಸಿದಳು. ಜ್ವರ ಬಂದಿತ್ತಂತೆ. ನನ್ನ ನಂತರ ಬಂದವನು ತಾರೀಖನ್ನು ಮತ್ತೆ ಎದುರು ಮನೆಯ ಗೋಡೆಯ ಮೇಲೆ ಬರೆಯತೊಡಗಿದ್ದನಂತೆ.

ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ಮೊನ್ನೆ ಆ ಓಣಿಗೆ ಹೋದೆ. ತೊಟ್ಟಿಲು ಕಾಯಲಿ ಎಂದುಕೊಂಡೆ. ಬಸಲಿಂಗಮ್ಮನ ಮನೆಯ ಮಾಳಿಗೆ ಕುಸಿದಿದೆ. ಸಂಗಪ್ಪ ಸತ್ತು ಬಹಳ ಕಾಲವಾಗಿದೆ. ಅಮರೇಶಪ್ಪ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬನೇ ಕುಳಿತಿದ್ದ. ಗುರುತು ಹಿಡಿದ.

"ಬರ್ರಿ ಮಲೇರಿಯಾ ಸಾಹೇಬ್ರ. ಕುಂದರ್ರಿ. ಚಾ ತರಿಸ್ಲೇನ್ರಿ?"

"ಬಸ್ಸಿನವರು ನಿಮ್ಮ ದೊಡ್ಡಮ್ಮನ ಮನೆಗೆ ಏನೋ ಹೆಸರಿಟ್ಟು ಕೂಗುತ್ತಾರೆ."

"ಮಂದಿ ಇಟ್ಟ ಹೆಸರು ಅದು."

"ಮಂದಿ ಅಲ್ಲ. ನೀವು."

ಅವನು ಓಣಿಯ ಕಡೆ ಮುಖ ತಿರುಗಿಸಿದ. ನಾನು ಎದ್ದು ಹೋಗುತ್ತೇನೆ ಎಂದು ಕಾದಿರಬೇಕು. ಕಾಯುವುದರಲ್ಲಿ ನಾನು ಅವನಿಗಿಂತ ಗಟ್ಟಿ. ಕೊನೆಗೆ ಅಂದ: "ಮ್ಯಾಲ ಬರೂವಾಗ ನನಗ ಒಂದ ಗಳಿಗಿ ಎಚ್ಚರಾಗಿತ್ರೀ. ಕತ್ತಲಾಗಿಂದ ಮ್ಯಾಲ ನೋಡಿದ್ರ, ಬೆಳಕಿನಾಗ ಅಕಿ ಮಾರಿ. ಹಗ್ಗ ಕೈ ಕೊಯ್ದಿತ್ತು. ರಕ್ತ ನನ್ನ ಹಣಿ ಮ್ಯಾಲ ಬಿತ್ತು. ಬೆಚ್ಚಗಿತ್ತು."

"ಮತ್ತೆ?"

"ಹೆಂಗ ಹೇಳಲ್ರಿ? ನಾ ಕಾವಿಗೆ ಬಿದ್ದೆ ಅಂದ್ರ ದೊಡ್ಡಪ್ಪನೂ ಕಾವಿಗೇ ಬಿದ್ದ ಅಂದಂಗಾತು. ಇಳಿ ಅಂತ ಅವಸರ ಮಾಡಿದಾಂವ ನಮ್ಮಪ್ಪ. ಅಪ್ಪ ಬದುಕಿದ್ನಲ್ರಿ."

"ಅಪ್ಪ ತೀರಿಕೊಂಡ ಮೇಲೆ?"

"ಆಮ್ಯಾಗ..." ಅವನು ಅಂಗೈ ಉಜ್ಜಿಕೊಂಡ. "ರೂಢಿ ಆಗಿತ್ರಿ."

ಇಷ್ಟು ದಿನ ನಾನು ಆ ಊರಿನ ಮೂಢನಂಬಿಕೆಯ ಮೇಲೆ ಸಿಟ್ಟಾಗಿದ್ದೆ. ಅದು ತಪ್ಪು ವಿಳಾಸಕ್ಕೆ ಹಾಕಿದ ಸಿಟ್ಟು ಎಂದು ಆ ಕುರ್ಚಿಯ ಎದುರು ತಿಳಿಯಿತು. ದೆವ್ವವನ್ನು ಹುಟ್ಟಿಸಿದ ಮನೆಯಲ್ಲಿ ಯಾರೂ ದೆವ್ವವನ್ನು ನಂಬಿರಲಿಲ್ಲ. ಅಪ್ಪ ನಂಬಿರಲಿಲ್ಲ, ಮಗ ನಂಬಿರಲಿಲ್ಲ. ಒಬ್ಬ ಹೆಂಗಸಿನ ಆಯುಷ್ಯವನ್ನು ಮೊದಲು ಹೆದರಿಕೆಗೆ ತಿಂದರು, ಆಮೇಲೆ ರೂಢಿಗೆ. ನಾನು ಚಹಾ ಕುಡಿಯದೆ ಎದ್ದೆ. ಇದನ್ನು ಬರೆಯುತ್ತೇನೆ ಎಂದೆ.

"ಬರೀರಿ," ಎಂದ, ತಲೆ ಎತ್ತದೆ. "ನನ್ನ ಹೆಸರು ಹಾಕಬ್ಯಾಡ್ರಿ."

ಎಂಬತ್ತೊಂದರ ಶ್ರಾವಣ ಸೋಮವಾರ ಆ ಅಂಗಳದಲ್ಲಿ ನಡೆದದ್ದನ್ನು ಕಂಡವರಲ್ಲಿ ನನಗೆ ಗೊತ್ತಿದ್ದಂತೆ ಇನ್ನೂ ಬದುಕಿರುವವರು ಇವರು. ಮಸರಕಲ್ಲಿನ ಕುರುಬರ ಹನುಮಂತ, ಕಣ್ಣು ಕಾಣುವುದಿಲ್ಲ, ಕೇಳಿದರೆ ಎಲ್ಲವನ್ನೂ ಹೇಳುತ್ತಾನೆ. ಬಳೆಯ ಖಾಜಾಬಿ, ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಕೇಳದಿದ್ದರೂ ಹೇಳುತ್ತಾಳೆ. ರಾಯಚೂರಿನಲ್ಲಿ ನಾನು. ಮತ್ತು ದೇವದುರ್ಗದ ಕೋಟೆ ಹಿಂದಿನ ಓಣಿಯಲ್ಲಿ, ಸಂಗಪ್ಪನ ಮಗ ಅಮರೇಶಪ್ಪ.